ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೆಲಸದ ಜಾಗದಲ್ಲಿ ಒಬ್ಬನಿಂದ ಆದ ತಪ್ಪನ್ನು ನಾವು ಇಂದು ಹೇಗೆ ವಿಚಾರಣೆ ಮಾಡುತ್ತಿದ್ದೇವೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿ ನನ್ನನ್ನು ಕೇಳಿಕೊಂಡಾಗ, ಈ ವಿಷಯಕ್ಕೆ ನನಗಿಂತ ವಕೀಲರೋ ಪತ್ರಕರ್ತರೋ ಹೆಚ್ಚು ಅರ್ಹರು ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಕೊನೆಗೆ ಒಪ್ಪಿಕೊಂಡೆ. ಕಾರಣ, ಈ ಪ್ರಕರಣದಲ್ಲಿ ನಾನೂ ಒಬ್ಬ ಆರೋಪಿ. ಆದ್ದರಿಂದ ಈ ಭಾಷಣವನ್ನು ಉಪದೇಶವೆಂದು ಭಾವಿಸದೆ ತಪ್ಪೊಪ್ಪಿಗೆಯ ಹೇಳಿಕೆಯೆಂದು ಕೇಳಬೇಕಾಗಿ ವಿನಂತಿ.

2025ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಹೊರವಲಯದ ಚಂದಾಪುರದ ಕಡೆಯಿಂದ ಒಂದು ವಿಡಿಯೋ ಬಂದಿತು. ಸ್ಟೇಟ್ ಬ್ಯಾಂಕಿನ ಶಾಖೆಯೊಂದರ ವ್ಯವಸ್ಥಾಪಕಿ, ಕನ್ನಡದಲ್ಲಿ ಮಾತನಾಡಿ ಎಂದ ಗ್ರಾಹಕನಿಗೆ, ತಾನು ಎಂದಿಗೂ ಕನ್ನಡ ಮಾತನಾಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ ದೃಶ್ಯ. ಒಂದೆರಡು ದಿನಗಳಲ್ಲಿಯೇ ಕರ್ನಾಟಕದ ಮುಖ್ಯಮಂತ್ರಿಗಳು ಅದನ್ನು ಖಂಡಿಸಿದರು. ಬ್ಯಾಂಕು ಆಕೆಯನ್ನು ವರ್ಗಾಯಿಸಿತು. ಆಕೆ ತಡವರಿಸುವ ಕನ್ನಡದಲ್ಲಿ ಕ್ಷಮೆ ಕೇಳಿದ ಇನ್ನೊಂದು ವಿಡಿಯೋ ಕೂಡ ಬಂದಿತು. ಹೊರನಾಡಿನಲ್ಲಿ ಬದುಕು ಸವೆಸಿದ ನನಗೆ ಒಳನಾಡಿನಲ್ಲಿ ಕನ್ನಡಕ್ಕೆ ಆದ ಅವಮಾನ ಇಮ್ಮಡಿಯಾಗಿ ಕಂಡಿತು. ನಾನು ಎರಡನ್ನೂ ನಮ್ಮ ಸಂಘದ ವಾಟ್ಸಾಪ್ ಬಳಗಕ್ಕೆ ಕಳುಹಿಸಿ, ಕೆಳಗೆ ‘ತಕ್ಕ ಶಾಸ್ತಿ’ ಎಂದು ಬರೆದೆ. ಬಹಳಷ್ಟು ಜನ ಚಪ್ಪಾಳೆಯ ಚಿಹ್ನೆ ಹಾಕಿದರು. ಇಲ್ಲಿ ಕುಳಿತಿರುವ ಕೆಲವರೂ ಹಾಕಿದ್ದೀರಿ.

ಆ ರಾತ್ರಿ ನಮ್ಮ ಬಳಗದ ಒಬ್ಬ ಸೋದರಿ ದೂರವಾಣಿ ಮಾಡಿದಳು. ಥಾಣೆ ಜಿಲ್ಲೆಯ ಒಂದು ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುವವಳು. “ಕಾಕಾ, ಏಪ್ರಿಲ್ ತಿಂಗಳಲ್ಲಿ ನಮ್ಮ ಶಾಖೆಗೂ ಹತ್ತು ಹನ್ನೆರಡು ಜನ ಬಂದಿದ್ದರು. ಅವರ ಕೈಯಲ್ಲೂ ಮೊಬೈಲ್ ಇತ್ತು. ಮರಾಠಿಯಲ್ಲಿ ಮಾತನಾಡು ಎಂದರು. ಮಾತನಾಡಿದೆ. ನನ್ನ ಮರಾಠಿ ನಿಮಗೆ ಗೊತ್ತೇ ಇದೆ. ಅಂದು ನನ್ನ ನಾಲಗೆ ತಡವರಿಸಿ, ಭಯಕ್ಕೋ ಸಿಟ್ಟಿಗೋ ಒಂದು ಮಾತು ತಪ್ಪಿ ಬಂದಿದ್ದರೆ, ಆ ವಿಡಿಯೋದ ಕೆಳಗೂ ಯಾರೋ ಒಬ್ಬ ಕಾಕಾ ತಕ್ಕ ಶಾಸ್ತಿ ಎಂದು ಬರೆಯುತ್ತಿದ್ದರಲ್ಲವೇ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ಈ ಮಾತುಗಳು ಆಕೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಆಕೆ ಹೇಳಿದ ಏಪ್ರಿಲ್ ತಿಂಗಳ ಹಿನ್ನೆಲೆ ತಮಗೆ ತಿಳಿದದ್ದೇ. 2025ರ ಮಾರ್ಚ್ 30ರಂದು, ಗುಡಿ ಪಾಡ್ವಾದ ದಿನ, ಶಿವಾಜಿ ಪಾರ್ಕಿನ ಸಭೆಯಲ್ಲಿ ಬ್ಯಾಂಕುಗಳಲ್ಲಿ ಮರಾಠಿ ಬಳಕೆಯಾಗುತ್ತಿದೆಯೇ ಎಂದು ಹೋಗಿ ನೋಡಿ ಎಂಬ ಕರೆಯನ್ನು ಮಹಾರಾಷ್ಟ್ರ ನವನಿರ್ಮಾಣ ಸೇನೆಯ ನಾಯಕರು ಕೊಟ್ಟರು. ಕಾರ್ಯಕರ್ತರು ಶಾಖೆಗಳಿಗೆ ನುಗ್ಗತೊಡಗಿದರು. ಏಪ್ರಿಲ್ 5ರಂದು ಆಂದೋಲನವನ್ನು ನಿಲ್ಲಿಸುವಂತೆ ನಾಯಕರೇ ಹೇಳಬೇಕಾಯಿತು. ಜುಲೈ ತಿಂಗಳ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಮೀರಾ ರೋಡಿನಲ್ಲಿ ಮಿಠಾಯಿ ಅಂಗಡಿಯ ಮಾಲೀಕನೊಬ್ಬನ ಕೆನ್ನೆಗೆ ಹೊಡೆದ ವಿಡಿಯೋ ದೇಶವೆಲ್ಲ ಸುತ್ತಿತು. ಆ ಅಂಗಡಿಯಲ್ಲಿ ಹೊಡೆತ ಎಷ್ಟು ಮುಖ್ಯವೋ ಚಿತ್ರೀಕರಣವೂ ಅಷ್ಟೇ ಮುಖ್ಯವಾಗಿತ್ತು.

ಒಂದು ಭಾಷೆಯ ನೆಲದಲ್ಲಿ ಆ ಭಾಷೆಗೆ ಗೌರವ ಸಲ್ಲಬೇಕೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಚಂದಾಪುರದ ಗ್ರಾಹಕನಿಗೆ ಕನ್ನಡದಲ್ಲಿ ಸೇವೆ ಸಿಗಬೇಕಾದದ್ದು ನ್ಯಾಯ. ಡೊಂಬಿವಲಿಯ ಮರಾಠಿ ಅಜ್ಜಿಗೆ ಮರಾಠಿಯಲ್ಲಿ ಸೇವೆ ಸಿಗಬೇಕಾದದ್ದೂ ನ್ಯಾಯ. ನಾವು ಅಲ್ಲಿ ಬಹುಸಂಖ್ಯಾತರು, ಇಲ್ಲಿ ಅಲ್ಪಸಂಖ್ಯಾತರು. ಈ ಇಬ್ಬಂದಿಯ ಬದುಕೇ ನಮಗೆ ಒಂದು ವಿವೇಕವನ್ನು ಕಲಿಸಬೇಕಾಗಿತ್ತು: ಅಲ್ಲಿ ನಾವು ಹಿಡಿಯುವ ತಕ್ಕಡಿಯಲ್ಲಿಯೇ ಇಲ್ಲಿ ನಮ್ಮನ್ನು ತೂಗಲಾಗುತ್ತದೆ. ಕನ್ನಡಕ್ಕಾಗಿ ಬಳಸಿದರೆ ಸರಿ, ಮರಾಠಿಗಾಗಿ ಬಳಸಿದರೆ ದೌರ್ಜನ್ಯ ಎಂಬ ನೀತಿ ಎಲ್ಲಿಯೂ ಬಹಳ ದಿನ ನಿಲ್ಲಲಾರದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಗದುಗಿನ ಕಡೆಯಿಂದ ಬ್ಯಾಂಕಿನ ಗುಮಾಸ್ತನಾಗಿ ನಾನು ಈ ಭಾಗಕ್ಕೆ ಬಂದದ್ದು 1978ರಲ್ಲಿ. ಮರುವರ್ಷದ ಮಾತು. ಪೆನ್ಷನ್ ಪಡೆಯುತ್ತಿದ್ದ ಒಬ್ಬ ಮರಾಠಿ ಮುದುಕಿ ಹಣ ತೆಗೆಯಲು ಬಂದಿದ್ದಳು. ಆಕೆಗೆ ಬರೆಯಲು ಬಾರದು. ಚೀಟಿಯನ್ನು ನಾನೇ ತುಂಬಿದೆ. ಎಷ್ಟು ಎಂದು ಕೇಳಿದ್ದಕ್ಕೆ ‘ಪಾವಣೇ ದೋನ್‌ಶೇ’ ಎಂದಳು. ಮರಾಠಿಯಲ್ಲಿ ಅದರ ಅರ್ಥ ಇನ್ನೂರಕ್ಕೆ ಕಾಲುನೂರು ಕಡಿಮೆ, ಎಂದರೆ 175. ಪಾವು ಎಂದರೆ ಕಾಲು ಎಂಬಷ್ಟನ್ನೇ ಬಲ್ಲ ನಾನು ಇನ್ನೂರರ ಮೇಲೆ ಕಾಲುನೂರು ಎಂದು ತಿಳಿದು 225 ಎಂದು ಬರೆದೆ. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ನಿಯಮದ ಪ್ರಕಾರ ಅದು ಸಣ್ಣ ತಪ್ಪಲ್ಲ. ಮರುದಿನ ಆಕೆಯ ಮಗ ಪಾಸ್‌ಬುಕ್ಕು ಹಿಡಿದು ಬಂದ. ತಾಯಿ ಕೇಳಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚು ಖರ್ಚು ಬರೆದಿದ್ದೀರಿ ಎಂದು ಕೌಂಟರಿನ ಮುಂದೆ ಕೂಗಾಡಿದ. ಸರತಿಯಲ್ಲಿದ್ದವರೆಲ್ಲ ಸುತ್ತ ನೆರೆದರು. ಮದರಾಸಿ ಗುಮಾಸ್ತ ಮುದುಕಿಗೆ ಮೋಸ ಮಾಡಿದ ಎಂಬ ಮಾತು ಕ್ಷಣದಲ್ಲಿ ಬಾಗಿಲವರೆಗೂ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಮುದುಕಿ ಸೀರೆಯ ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಮೇಜಿನ ಮೇಲಿಟ್ಟಳು. ‘ಪೋರಾಲಾ ಕಳ್ಲಂ ನಾಹಿ’ ಎಂದಳು. ಹುಡುಗನಿಗೆ ತಿಳಿಯಲಿಲ್ಲ, ಅಷ್ಟೇ.

ನನಗೆ ಲಿಖಿತ ಮೆಮೋ ಸಿಕ್ಕಿತು. ವಿವರಣೆ ಬರೆದುಕೊಟ್ಟೆ. ಮುಂದೆ ಎಚ್ಚರದಿಂದಿರಬೇಕೆಂದು ಷರಾ ಬರೆದು ವ್ಯವಸ್ಥಾಪಕರು ಕಡತವನ್ನು ಮುಗಿಸಿದರು. ಸಂಜೆ ಕರೆದು, ತಿಂಗಳೊಳಗೆ ಮರಾಠಿ ಅಂಕಿಗಳನ್ನು ಕಲಿತು ಬರಬೇಕು ಎಂದರು. ಕಲಿತೆ. ಆ ಮುದುಕಿಯೇ ತಿಂಗಳಿಗೊಮ್ಮೆ ಬಂದು ‘ಸವ್ವಾ’, ‘ದೀಡ್’, ‘ಅಡೀಚ್’ಗಳ ಪರೀಕ್ಷೆ ಮಾಡುತ್ತಿದ್ದಳು. ಆ ದಿನ ಆ ಸರತಿಯಲ್ಲಿ ಒಬ್ಬನ ಕೈಯಲ್ಲಿ ಇಂದಿನ ಮೊಬೈಲ್ ಇದ್ದಿದ್ದರೆ ಏನಾಗುತ್ತಿತ್ತು? ನಿರಕ್ಷರಿ ಮುದುಕಿಯ ಹೆಬ್ಬೆಟ್ಟು, ಹೆಚ್ಚಿನ ಮೊತ್ತದ ಚೀಟಿ, ಬಾಯಿ ಬಾರದೆ ನಿಂತ ಪರಪ್ರಾಂತೀಯ ಗುಮಾಸ್ತ, ಕೂಗುತ್ತಿರುವ ಮಗ: ಚಿತ್ರದಲ್ಲಿ ಸುಳ್ಳು ಎಂಬುದು ಒಂದೂ ಇರುತ್ತಿರಲಿಲ್ಲ. ಆದರೂ ಒಟ್ಟು ಅರ್ಥ ಸುಳ್ಳಾಗಿರುತ್ತಿತ್ತು. ಮುದುಕಿ ಸೆರಗಿನ ಗಂಟು ಬಿಚ್ಚುವ ಹೊತ್ತಿಗೆ ಆ ತುಣುಕು ಕಲ್ಯಾಣ ದಾಟಿ ಕಸಾರಾ ಮುಟ್ಟಿರುತ್ತಿತ್ತು.

ಬಂಧುಗಳೇ, ಹಿಂದಿನ ಕಾಲವೇ ಚೆನ್ನಾಗಿತ್ತು ಎಂಬ ವೃದ್ಧರ ರಾಗವನ್ನು ನಾನು ಹಾಡಲಾರೆ. ಮುಚ್ಚಿದ ಬಾಗಿಲಿನ ವಿಚಾರಣೆಯಲ್ಲಿ ನನಗೆ ನ್ಯಾಯ ಸಿಕ್ಕಿತು; ಎಲ್ಲರಿಗೂ ಸಿಗುತ್ತಿರಲಿಲ್ಲ. ನನಗೆ ಸಂಘಟನೆಯ ಬಲವಿತ್ತು, ಅರ್ಜಿ ಬರೆಯುವ ಅಕ್ಷರವಿತ್ತು, ವ್ಯವಸ್ಥಾಪಕರು ಸಜ್ಜನರಾಗಿದ್ದರು. ಇದೇ ಕಾಲದಲ್ಲಿ ಹೊಟೇಲಿನ ಹಿಂಭಾಗದಲ್ಲಿ ಹೊಡೆತ ತಿಂದ ಹುಡುಗರಿಗೆ, ಅಧಿಕಾರಿಯ ಕೋಣೆಯಲ್ಲಿ ಅವಮಾನಕ್ಕೊಳಗಾದ ಹೆಣ್ಣುಮಕ್ಕಳಿಗೆ, ಠಾಣೆಯೊಳಗೆ ಏಟು ತಿಂದ ಬಡವರಿಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಅವರ ಮಾತಿಗೆ ಎದುರು ಮಾತು ದೊಡ್ಡವರದು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸನ ಮೊಣಕಾಲಿನ ಕೆಳಗೆ ಸತ್ತಾಗ, ಪೊಲೀಸರ ಮೊದಲ ಪ್ರಕಟಣೆ ಅದನ್ನು ವೈದ್ಯಕೀಯ ಘಟನೆಯೆಂದು ಕರೆದಿತ್ತು. ದಾರಿಯಲ್ಲಿದ್ದ ಹದಿನೇಳು ವರ್ಷದ ಒಬ್ಬ ಹುಡುಗಿ ತನ್ನ ಫೋನಿನಲ್ಲಿ ಚಿತ್ರಿಸದಿದ್ದರೆ ಆ ಪ್ರಕಟಣೆಯೇ ಚರಿತ್ರೆಯಾಗಿಬಿಡುತ್ತಿತ್ತು. ಆದುದರಿಂದ ಕ್ಯಾಮೆರಾವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ದುರ್ಬಲನ ಕೈಗೆ ಸಿಕ್ಕಿದ ಸಾಕ್ಷಿ ಅದು. ಆದರೆ ಸಾಕ್ಷಿ ಬೇರೆ, ತೀರ್ಪು ಬೇರೆ. ನಮ್ಮ ಕಾಲ ಇವೆರಡರ ನಡುವಿನ ಗೆರೆಯನ್ನು ಅಳಿಸಿಹಾಕುತ್ತಿದೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕ್ಯಾಮೆರಾ ಎಂಬುದೇ ಇಲ್ಲದ ಕಾಲದಲ್ಲಿ, ಕಣ್ಣಾರೆ ಕಂಡದ್ದನ್ನೂ ನಂಬುವ ಮೊದಲು ಒರೆಗೆ ಹಚ್ಚು ಎಂದು ಅವರು ಹೇಳಿದ್ದರು. ನಾವಾದರೋ ಬೇರೆಯವರ ಕಣ್ಣಿನಿಂದ, ಬೇರೆಯವರು ಕತ್ತರಿಸಿದಷ್ಟನ್ನು ಕಂಡು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುತ್ತಿದ್ದೇವೆ. ಇದಕ್ಕೆ ಮೂರು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ದೆಹಲಿಯದು. 2015ರ ಆಗಸ್ಟ್‌ನಲ್ಲಿ ಮೆಟ್ರೋ ರೈಲಿನೊಳಗೆ ಸಮವಸ್ತ್ರ ತೊಟ್ಟ ಪೊಲೀಸ್ ಪೇದೆಯೊಬ್ಬ ತೂರಾಡಿ ಬೀಳುವ ವಿಡಿಯೋ ಹರಡಿತು. ಕುಡುಕ ಪೊಲೀಸ್ ಎಂದು ದೇಶ ನಕ್ಕಿತು. ಇಲಾಖೆ ಅವನನ್ನು ಅಮಾನತು ಮಾಡಿತು. ಆತ ಕೆಲವು ವರ್ಷಗಳ ಹಿಂದೆ ಪಾರ್ಶ್ವವಾಯುವಿಗೆ ತುತ್ತಾಗಿ, ಅದರ ಪರಿಣಾಮದಿಂದ ಇನ್ನೂ ನರಳುತ್ತಿದ್ದವನು ಎಂಬುದು ಆಮೇಲೆ ತಿಳಿಯಿತು. ಅಮಾನತು ರದ್ದಾಯಿತು. ಆದರೆ ನಕ್ಕವರಲ್ಲಿ ಎಷ್ಟು ಜನ ಆ ಎರಡನೆಯ ಸುದ್ದಿಯನ್ನು ಓದಿದರು?

ಎರಡನೆಯದು ಬೆಂಗಳೂರಿನದು. 2021ರ ಮಾರ್ಚ್‌ನಲ್ಲಿ ಊಟ ತಲುಪಿಸುವ ಜೊಮ್ಯಾಟೊ ಕಂಪನಿಯ ಕೆಲಸಗಾರನೊಬ್ಬ ತಡವಾಗಿ ಬಂದು, ಜಗಳವಾಡಿ, ತನ್ನ ಮೂಗಿಗೆ ಗುದ್ದಿದನೆಂದು ಗ್ರಾಹಕಿಯೊಬ್ಬಳು ರಕ್ತ ಸುರಿಯುವ ಮುಖದ ವಿಡಿಯೋ ಹಾಕಿದಳು. ಅವನ ಬಂಧನವಾಯಿತು, ಕೆಲಸದಿಂದ ತಡೆಹಿಡಿಯಲಾಯಿತು. ಆಕೆಯೇ ಚಪ್ಪಲಿಯಿಂದ ಹೊಡೆದಳೆಂದೂ, ಕೈ ಅಡ್ಡ ಹಿಡಿದಾಗ ಆಕೆಯ ಉಂಗುರವೇ ಆಕೆಗೆ ತಗುಲಿತೆಂದೂ ಅವನು ಹೇಳಿದ. ಕೆಲವೇ ದಿನಗಳಲ್ಲಿ ಅವನ ದೂರಿನ ಮೇಲೆ ಆಕೆಯ ವಿರುದ್ಧವೂ ಮೊಕದ್ದಮೆ ದಾಖಲಾಯಿತು. ಅವನು ಐದು ಸಾವಿರ ಬಾರಿ ಊಟ ತಲುಪಿಸಿದವನೆಂದೂ, ಗ್ರಾಹಕರು ಅವನಿಗೆ ಐದರಲ್ಲಿ 4.75 ಅಂಕ ಕೊಟ್ಟಿದ್ದರೆಂದೂ ಕಂಪನಿಯೇ ಹೇಳಿತು. ಐದು ಸಾವಿರ ಊಟಗಳ ವಿಡಿಯೋವನ್ನು ಯಾರೂ ತೆಗೆದಿರಲಿಲ್ಲ. ಇನ್ನೊಂದು ಸೋಜಿಗವನ್ನು ಗಮನಿಸಿ. ಮೊದಲು ಅವನನ್ನು ಬೈದ ಜನವೇ ಆಮೇಲೆ ಅಷ್ಟೇ ಉತ್ಸಾಹದಿಂದ ಆಕೆಯನ್ನು ಬೈಯತೊಡಗಿದರು. ಬೈಯುವ ಕೆಲಸ ಮಾತ್ರ ನಿಲ್ಲಲಿಲ್ಲ.

ಮೂರನೆಯದು ನಮ್ಮ ಕಲ್ಯಾಣದ್ದು. 2025ರ ಜುಲೈನಲ್ಲಿ ಕಲ್ಯಾಣ ಪೂರ್ವದ ಮಕ್ಕಳ ಆಸ್ಪತ್ರೆಯೊಂದರಲ್ಲಿ, ಒಳಗೆ ಬೇರೊಬ್ಬರಿದ್ದಾರೆ, ಕಾಯಿರಿ ಎಂದ ಸ್ವಾಗತಕಾರಿಣಿಯನ್ನು ಒಬ್ಬ ಗಂಡಸು ಒದ್ದು, ಕೂದಲು ಹಿಡಿದು ಎಳೆದಾಡಿದ ದೃಶ್ಯ ಸಿಸಿಟಿವಿಯಲ್ಲಿ ಸೆರೆಯಾಯಿತು. ಸಹಜವಾಗಿಯೇ ಜನ ಕೆರಳಿದರು. ಹೊಡೆದವನು ಹೊರರಾಜ್ಯದ ಮೂಲದವನು, ಹೊಡೆಸಿಕೊಂಡವಳು ಮರಾಠಿಯವಳು ಎಂಬುದು ಸೇರಿ, ಒಬ್ಬ ದುಷ್ಟನ ಕೃತ್ಯ ಎರಡು ಜನಸಮುದಾಯಗಳ ಪ್ರಶ್ನೆಯಾಯಿತು. ಪೊಲೀಸರು ಅವನನ್ನು ಬಂಧಿಸಿದರು. ಅದರ ಬೆನ್ನಲ್ಲಿ ಇನ್ನೊಂದು ತುಣುಕು ಬಂದಿತು. ಅದರಲ್ಲಿ ಮೊದಲು ಆ ಸ್ವಾಗತಕಾರಿಣಿಯೇ ಅವನ ಕಡೆಯ ಹೆಂಗಸೊಬ್ಬಳ ಕೆನ್ನೆಗೆ ಹೊಡೆದದ್ದು ಕಾಣುತ್ತಿತ್ತು. ಕೂಡಲೇ ನೆನ್ನೆಯ ಅಬಲೆ ಇಂದಿನ ಅಪರಾಧಿಯಾದಳು. ವಿವೇಕವುಳ್ಳವರು ಹೇಳಬೇಕಾಗಿದ್ದುದು ಇಷ್ಟೇ: ಆಕೆ ಕೈ ಎತ್ತಿದ್ದು ಕೆಲಸದ ಜಾಗದಲ್ಲಿ ಆಗಬಾರದ ತಪ್ಪು; ಅವನು ಮಾಡಿದ್ದು ಘೋರ ಅಪರಾಧ; ಮೊದಲನೆಯದು ಎರಡನೆಯದನ್ನು ಮನ್ನಿಸುವುದಿಲ್ಲ, ಎರಡನೆಯದು ಮೊದಲನೆಯದನ್ನು ಅಳಿಸುವುದಿಲ್ಲ. ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿದುಕೊಳ್ಳುವ ತಾಳ್ಮೆ ನಮಗಿರಲಿಲ್ಲ.

ಕನ್ನಡದಲ್ಲಿ ತಪ್ಪು, ಪ್ರಮಾದ, ಅಪರಾಧ ಎಂದು ಬೇರೆ ಬೇರೆ ಮಾತುಗಳಿವೆ. ತಿಳಿಯದೆ ಆದದ್ದು ತಪ್ಪು. ಎಚ್ಚರಗೇಡಿತನದಿಂದ ಆದದ್ದು ಪ್ರಮಾದ. ತಿಳಿದೂ ಮಾಡಿದ್ದು ಅಪರಾಧ. ನಾನು 225 ಬರೆದದ್ದು ತಪ್ಪು, ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿದ್ದು ಪ್ರಮಾದ, ಹಣ ಕದ್ದಿದ್ದರೆ ಅಪರಾಧ. ಮೂರಕ್ಕೂ ಮೂರು ಬಗೆಯ ಪರಿಹಾರ: ಕಲಿಸುವುದು, ಎಚ್ಚರಿಸುವುದು, ಶಿಕ್ಷಿಸುವುದು. ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಇವು ಮೂರೂ ಒಂದೇ ಬಣ್ಣದಲ್ಲಿ ಕಾಣುತ್ತವೆ, ಮೂರಕ್ಕೂ ಒಂದೇ ದಂಡನೆ: ಮುಖ, ಹೆಸರು, ಊರು ಸಹಿತ ಬಹಿಷ್ಕಾರ.

ಇನ್ನು ಸಂಸ್ಥೆಗಳ ವರ್ತನೆ. ವಿಡಿಯೋ ಹರಡಿದ ಕೂಡಲೇ ಸಂಸ್ಥೆಯ ಮೊದಲ ಚಿಂತೆ ತನ್ನ ಹೆಸರಿನದು. ಕೆಲಸಗಾರನನ್ನು ಕಳಚಿ ಹಾಕಿದರೆ ಹೆಸರು ಉಳಿಯುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ತಡೆಯಾಗಿ ಒಂದು ದೊಡ್ಡ ಪರಂಪರೆಯೇ ಇದೆ. ಸಂವಿಧಾನದ 311ನೆಯ ವಿಧಿ, ಆರೋಪವನ್ನು ತಿಳಿಸಿ, ವಿಚಾರಣೆ ನಡೆಸಿ, ಸಮಜಾಯಿಷಿಗೆ ಅವಕಾಶ ಕೊಡದೆ ಸರ್ಕಾರಿ ನೌಕರನನ್ನು ವಜಾ ಮಾಡಬಾರದೆನ್ನುತ್ತದೆ. ಅದಕ್ಕಿರುವ ಅಪವಾದಗಳು ಕೆಲವೇ. ಕಾರ್ಖಾನೆಗಳ ಕಾರ್ಮಿಕರಿಗೆ 1946ರ ಸ್ಥಾಯಿ ಆಜ್ಞೆಗಳ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವಿಚಾರಣೆ ಬಾಕಿಯಿರುವಾಗ ಅಮಾನತಾದವನಿಗೆ ಮೊದಲ 90 ದಿನ ಅರ್ಧ ವೇತನ, ಆಮೇಲೆಯೂ ವಿಳಂಬಕ್ಕೆ ಅವನು ಕಾರಣನಲ್ಲದಿದ್ದರೆ ಮುಕ್ಕಾಲು ವೇತನ ಜೀವನಾಧಾರ ಭತ್ಯೆಯಾಗಿ ಸಿಗಬೇಕು. ಈ ನಿಯಮದ ಹಿಂದಿನ ತತ್ತ್ವವನ್ನು ನೋಡಿ: ತೀರ್ಪು ಬರುವವರೆಗೆ ಆರೋಪಿಯ ಮನೆಯ ಒಲೆ ಆರಬಾರದು.

ಆದರೆ ಈ ಛತ್ರಿಯ ಕೆಳಗೆ ಎಷ್ಟು ಜನ ನಿಲ್ಲುತ್ತಾರೆ? ಹಳೆಯ ಕೇಂದ್ರ ಕಾಯ್ದೆ ನೂರು ಕಾರ್ಮಿಕರಿರುವ ಕಡೆ ಅನ್ವಯವಾಗುತ್ತಿತ್ತು. ಹೊಸ ಸಂಹಿತೆಯ ಸ್ಥಾಯಿ ಆಜ್ಞೆಗಳ ಅಧ್ಯಾಯ ಮುನ್ನೂರು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ. ವಾಶಿಯ ಹೊಟೇಲಿನ ಹುಡುಗ, ಥಾಣೆಯ ಗೃಹಸಂಕೀರ್ಣದ ಕಾವಲುಗಾರ, ಡೊಂಬಿವಲಿಯ ದವಾಖಾನೆಯ ಸಹಾಯಕಿ, ಬೈಕಿನಲ್ಲಿ ಊಟ ಹೊತ್ತು ಓಡುವವನು, ಇವರಿಗೆ ಮೆಮೋ ಇಲ್ಲ, ವಿವರಣೆ ಇಲ್ಲ, ಭತ್ಯೆ ಇಲ್ಲ. 2018ರ ಡಿಸೆಂಬರ್‌ನಲ್ಲಿ ಮದುರೆಯಲ್ಲಿ ಊಟ ತಲುಪಿಸುವವನೊಬ್ಬ ಗ್ರಾಹಕರ ಪೊಟ್ಟಣಗಳಿಂದ ಸ್ವಲ್ಪ ಸ್ವಲ್ಪ ತಿಂದು ಮತ್ತೆ ಮುಚ್ಚಿದ ವಿಡಿಯೋ ಬಂದಾಗ ಅವನನ್ನು ಕಂಪನಿ ತೆಗೆದುಹಾಕಿತು. ಅವನು ಮಾಡಿದ್ದು ತಪ್ಪೇ. ಗ್ರಾಹಕನ ಅಸಹ್ಯವೂ ಸಹಜ. ಆದರೆ ಊಟ ಹೊರುವವನು ಊಟ ಮಾಡಿದ್ದಾನೆಯೇ ಎಂಬ ಪ್ರಶ್ನೆಗೆ ಆ ವಿಡಿಯೋದಲ್ಲಿ ಜಾಗವಿರಲಿಲ್ಲ. ಕಂಪನಿ ಪೊಟ್ಟಣಕ್ಕೆ ಬಿಗಿಯಾದ ಅಂಟುಪಟ್ಟಿಯ ವ್ಯವಸ್ಥೆಯನ್ನು ಪ್ರಕಟಿಸಿತು.

ಹೀಗೆ ಚಿತ್ರದಲ್ಲಿ ವ್ಯಕ್ತಿ ಕಾಣುತ್ತಾನೆ, ವ್ಯವಸ್ಥೆ ಕಾಣುವುದಿಲ್ಲ. ನಾವು ದಿನವೂ ಹಾದುಹೋಗುವ ಮುಂಬ್ರಾದ ತಿರುವನ್ನೇ ತೆಗೆದುಕೊಳ್ಳಿ. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾಗಳ ನಡುವೆ ಎದುರುಬದುರಾಗಿ ಬಂದ ಎರಡು ಲೋಕಲ್ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗೆ ಬಿದ್ದರು. ನಾಲ್ವರು ಅಂದೇ ತೀರಿಕೊಂಡರು. ನಮ್ಮ ಬಳಗಗಳಲ್ಲಿ ಮೊದಲ ತೀರ್ಪು, ಬಾಗಿಲಲ್ಲಿ ನಿಂತವರದೇ ತಪ್ಪು ಎಂಬುದಾಗಿತ್ತು. ನವೆಂಬರ್‌ನಲ್ಲಿ ರೈಲ್ವೆ ಪೊಲೀಸರು ಹಳಿಯ ನಿರ್ವಹಣೆಯಲ್ಲಿ ನಿರ್ಲಕ್ಷ್ಯವೆಂದು ಇಬ್ಬರು ಎಂಜಿನಿಯರರ ಮೇಲೆ ಮೊಕದ್ದಮೆ ದಾಖಲಿಸಿದರು. ಅದನ್ನು ವಿರೋಧಿಸಿ ನವೆಂಬರ್ 6ರ ಸಂಜೆ ನೌಕರರು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಪ್ರತಿಭಟಿಸಿದಾಗ ಗಾಡಿಗಳು ಸ್ಥಗಿತಗೊಂಡವು. ಸ್ಯಾಂಡ್‌ಹರ್ಸ್ಟ್ ರೋಡಿನ ಬಳಿ ಹಳಿಗಿಳಿದು ನಡೆಯುತ್ತಿದ್ದ ಇಬ್ಬರು ಗಾಡಿಗೆ ಸಿಕ್ಕಿ ಸತ್ತರು. ಆಗ ಬಳಗಗಳ ತೀರ್ಪು ನೌಕರರ ಕಡೆಗೆ ತಿರುಗಿತು.

ಬಿದ್ದವನದೇ ತಪ್ಪು, ಎಂಜಿನಿಯರನದೇ ತಪ್ಪು, ನೌಕರನದೇ ತಪ್ಪು. ಒಬ್ಬ ಮನುಷ್ಯ ಸಿಕ್ಕಿದ ಕೂಡಲೇ ನಮ್ಮ ಹುಡುಕಾಟ ನಿಲ್ಲುತ್ತದೆ. ಒಂದು ಗಾಡಿಯಲ್ಲಿ ಅಷ್ಟೊಂದು ಜನ ಏಕೆ, ಬಾಗಿಲು ಏಕೆ ಮುಚ್ಚುವುದಿಲ್ಲ, ಹಳಿಯ ಕೆಲಸಕ್ಕೆ ಎಷ್ಟು ಸಮಯ ಮತ್ತು ಎಷ್ಟು ಕೈಗಳನ್ನು ಕೊಡಲಾಗಿತ್ತು ಎಂಬ ಪ್ರಶ್ನೆಗಳು ಯಾವ ತುಣುಕಿನಲ್ಲಿಯೂ ಹಿಡಿಸುವುದಿಲ್ಲ. ನಿರ್ಲಕ್ಷ್ಯ ನಡೆದಿದ್ದರೆ ಎಂಜಿನಿಯರರು ನ್ಯಾಯಾಲಯದಲ್ಲಿ ಉತ್ತರ ಹೇಳಲಿ. ಸತ್ತವರ ಮನೆಯವರಿಗೆ ಅಷ್ಟು ಸಲ್ಲಲೇಬೇಕು. ಆದರೆ ಇಬ್ಬರ ಹೆಸರು ಸಿಕ್ಕಿತೆಂದು ನಾವು ಸಮಾಧಾನಪಟ್ಟರೆ ನಾಳೆ ಬೆಳಿಗ್ಗೆಯ ಗಾಡಿ ಅದೇ ತಿರುವಿನಲ್ಲಿ ಹಾಗೆಯೇ ತುಂಬಿಕೊಂಡು ಹೋಗುತ್ತದೆ.

ಮುಂಬಯಿ ಕನ್ನಡಿಗರಾದ ನಮಗೆ ಈ ಭಯ ಹೊಸದೇನಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ, ನಾನು ಆ ಚೀಟಿ ಬರೆದ ವರ್ಷ. ಈ ನಗರದ ಕಂಪನಿಯೊಂದರ ಅಧಿಕಾರಿ ನಾಗಪ್ಪ, ತನ್ನ ಮೇಲಿನ ಆರೋಪವೇನೆಂದು ಸ್ಪಷ್ಟವಾಗಿ ತಿಳಿಯುವ ಮೊದಲೇ ಕೆಲಸದಿಂದ ದೂರವಿರಿಸಲ್ಪಟ್ಟು, ಬೇಟೆಯ ಮೃಗದಂತೆ ಬೆದರುತ್ತಾ ಹೋಗುವ ಕಥೆ ಅದು. ಅಲ್ಲಿ ಬೇಟೆಗಾರರು ಕಂಪನಿಯೊಳಗಿನ ಕೆಲವರು. ಇಂದು ನಾಗಪ್ಪನ ಹಿಂದೆ ಊರಿಗೆ ಊರೇ ಓಡುತ್ತದೆ. ಓಡುವವರಲ್ಲಿ ಅವನನ್ನು ಬಲ್ಲವರು ಒಬ್ಬರೂ ಇಲ್ಲ, ದ್ವೇಷವೂ ಇಲ್ಲ. ಊಟವಾದ ಮೇಲೆ ಕಾಲ ಕಳೆಯಲು ಮಾಡುವ ಬೇಟೆ. ನನ್ನ ‘ತಕ್ಕ ಶಾಸ್ತಿ’ಯೂ ಊಟವಾದ ಮೇಲೆ ಬರೆದದ್ದೇ.

ಈ ಬೇಟೆ ಎಲ್ಲಿಗೆ ಮುಟ್ಟಬಲ್ಲದೆಂಬುದನ್ನು ಮಹಾರಾಷ್ಟ್ರವೂ ಕರ್ನಾಟಕವೂ ಒಂದೇ ತಿಂಗಳಲ್ಲಿ ಕಂಡಿವೆ. 2018ರ ಜುಲೈನಲ್ಲಿ, ಮಕ್ಕಳ ಕಳ್ಳರೆಂಬ ವದಂತಿಯಿಂದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಜನ ಬಡಿದು ಕೊಂದರು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಸತ್ತ. ಆ ಕಾಲದಲ್ಲಿ ಹರಿದಾಡಿದ ಒಂದು ವಿಡಿಯೋ, ಮಕ್ಕಳ ಸುರಕ್ಷತೆಯ ಅರಿವಿಗಾಗಿ ಕರಾಚಿಯಲ್ಲಿ ತಯಾರಿಸಿದ್ದರ ತುಂಡು. ಕೊನೆಯ ಭಾಗವನ್ನು ಕತ್ತರಿಸಿದ್ದರಿಂದ ಅರಿವು ಹೋಗಿ ಕೊಲೆ ಬಂದಿತು. ಅದಾದ ಮೇಲೆ ವಾಟ್ಸಾಪ್ ಕಂಪನಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿ ಹಾಕಿತು. ಯಂತ್ರಕ್ಕೆ ಮಿತಿ ಬಂದಿತು. ಮನಸ್ಸಿಗೆ ಹಾಕಿಕೊಳ್ಳಬೇಕಾದವರು ನಾವು.

ಹಾಗಾದರೆ ಮಾಡಬೇಕಾದದ್ದೇನು? ಸರ್ಕಾರ, ಕಾನೂನು, ಕಂಪನಿಗಳ ಮಾತು ಹಾಗಿರಲಿ. ಒಂದು ಸಂಘವಾಗಿ ನಮ್ಮ ಕೈಯಲ್ಲಿರುವ ನಾಲ್ಕು ಕೆಲಸಗಳನ್ನು ಸಭೆಯ ಮುಂದೆ ಇಡುತ್ತೇನೆ.

ಒಂದು: ಕೆಲಸದಲ್ಲಿರುವ ವ್ಯಕ್ತಿಯ ಮುಖ ಕಾಣುವ ಆರೋಪದ ವಿಡಿಯೋವನ್ನು ನಮ್ಮ ಬಳಗದಲ್ಲಿ ಹಾಕಬಾರದು. ದೂರು ಇದ್ದರೆ ಬರೆದು ಕೊಡೋಣ. ಬ್ಯಾಂಕಿಗೆ ಲೋಕಪಾಲ ವ್ಯವಸ್ಥೆಯಿದೆ, ಗ್ರಾಹಕರಿಗೆ ಆಯೋಗವಿದೆ, ಪೊಲೀಸ್ ಠಾಣೆಯಿದೆ. ವಿಡಿಯೋ ಇದ್ದರೆ ಅಲ್ಲಿಗೆ ಸಾಕ್ಷಿಯಾಗಿ, ಪೂರ್ತಿಯಾಗಿ, ಕತ್ತರಿಸದೆ ಹೋಗಲಿ. ದೊಡ್ಡವರು ದೂರನ್ನು ಅದುಮಿದಾಗ, ಬೇರೆ ದಾರಿಯೇ ಉಳಿಯದಾಗ, ದುರ್ಬಲನ ಪರವಾಗಿ ಅದನ್ನು ಬಹಿರಂಗಪಡಿಸುವುದು ಬೇರೆಯ ಮಾತು. ಆಗ ಸಂಘವೇ ತನ್ನ ಹೆಸರು ಹಾಕಿ ಹೊಣೆ ಹೊತ್ತು ಮಾಡಲಿ.

ಎರಡು: ಯಾರ ಬಗೆಗಾದರೂ ತಪ್ಪು ಮಾತನ್ನು ಹರಡಿದ್ದರೆ, ಹರಡಿದಷ್ಟೇ ಕಡೆಗಳಿಗೆ ತಿದ್ದುಪಡಿಯನ್ನೂ ಕಳುಹಿಸಬೇಕು. ಸಾಲ ತೀರಿಸಿದಂತೆ ಇದು.

ಮೂರು: ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಹೊಟೇಲಿನ ಹುಡುಗರಿಗೆ ರಾತ್ರಿಶಾಲೆಗಳನ್ನು ನಡೆಸಿದ ಅಧ್ಯಾಯಕ್ಕಿಂತ ಹೆಮ್ಮೆಯದು ಇನ್ನೊಂದಿಲ್ಲ. ಅದೇ ಪರಂಪರೆಯಲ್ಲಿ, ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರಿಗೆ ಕೌಂಟರಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಬೇಕಾಗುವಷ್ಟು ಮರಾಠಿಯನ್ನು ವಾರಕ್ಕೊಂದು ಸಂಜೆ ಕಲಿಸೋಣ. ಅಂಕಿಗಳ ಪಾಠವನ್ನು ನಾನೇ ತೆಗೆದುಕೊಳ್ಳುತ್ತೇನೆ; ‘ಪಾವಣೇ ದೋನ್‌ಶೇ’ಯಿಂದಲೇ ಆರಂಭಿಸುತ್ತೇನೆ. ಭಯದಿಂದ ಕಲಿತ ಭಾಷೆ ನಾಲಗೆಯ ತುದಿಯಲ್ಲಿ ನಿಲ್ಲುತ್ತದೆ. ಆ ಮುದುಕಿ ನನಗೆ ಕಲಿಸಿದಂತೆ ಕಲಿತದ್ದು ಒಳಗೆ ಇಳಿಯುತ್ತದೆ.

ನಾಲ್ಕು: ನಮ್ಮವರೊಬ್ಬರು, ಅಥವಾ ನಮ್ಮವರಲ್ಲದ ಯಾವುದೇ ಬಡ ಕೆಲಸಗಾರ, ಇಂಥ ವಿಡಿಯೋದಲ್ಲಿ ಸಿಕ್ಕಿಬಿದ್ದಾಗ, ಮೊದಲ ಮೂರು ದಿನ ಅವನ ಪಕ್ಕದಲ್ಲಿ ಕುಳಿತುಕೊಳ್ಳಲು ಜನ ಬೇಕು. ಸಂಘದಲ್ಲಿ ನಿವೃತ್ತ ಅಧಿಕಾರಿಗಳಿದ್ದಾರೆ, ವಕೀಲರಿದ್ದಾರೆ, ಕಾರ್ಮಿಕ ಸಂಘಟನೆಯಲ್ಲಿ ದುಡಿದವರಿದ್ದಾರೆ. ವಿವರಣೆ ಬರೆದುಕೊಡುವುದು, ಠಾಣೆಗೆ ಜೊತೆಗೆ ಹೋಗುವುದು, ಮನೆಯವರಿಗೆ ಧೈರ್ಯ ಹೇಳುವುದು ನಮ್ಮಿಂದ ಸಾಧ್ಯ. ಅವನು ತಪ್ಪು ಮಾಡಿದ್ದರೂ ಸರಿಯೇ. ತಪ್ಪು ಮಾಡದವನಿಗೆ ಮಾತ್ರ ಸಹಾಯ ಎಂದರೆ ನಾವು ಮೊದಲೇ ತೀರ್ಪು ಕೊಟ್ಟಂತಾಯಿತು.

ನಮ್ಮ ಹೊಟೇಲು ಮಾಲೀಕರಲ್ಲಿಯೂ ಒಂದು ಪ್ರಾರ್ಥನೆ. ತಮ್ಮ ಹುಡುಗನ ವಿಡಿಯೋ ಯಾರೋ ಹ���ಕಿದರೆಂದು ಅಂದೇ ರಾತ್ರಿಯ ಬಸ್ಸಿಗೆ ಅವನನ್ನು ಊರಿಗೆ ಹತ್ತಿಸಬೇಡಿ. ನಡೆಯುವವನೇ ಎಡವುತ್ತಾನೆ, ಕುಳಿತವನು ಎಡವುವುದಿಲ್ಲ. ಅವನ ಮಾತನ್ನು ಒಮ್ಮೆ ಕೇಳಿ. ತಮ್ಮಲ್ಲಿ ಹಲವರು ಇಂಥದೇ ಹುಡುಗರಾಗಿ ಈ ಊರಿಗೆ ಬಂದವರು.

ಕೊನೆಯದಾಗಿ ಒಂದು ದೃಶ್ಯವನ್ನು ತಮ್ಮ ನೆನಪಿಗೆ ತರುತ್ತೇನೆ. 2021ರ ಏಪ್ರಿಲ್ 17. ಬದಲಾಪುರದ ಆಚೆಯ ವಾಂಗಣಿ ನಿಲ್ದಾಣ. ಕಣ್ಣು ಕಾಣದ ತಾಯಿಯ ಕೈ ಹಿಡಿದು ನಡೆಯುತ್ತಿದ್ದ ಮಗು ಪ್ಲಾಟ್‌ಫಾರಂ ಅಂಚಿನಿಂದ ಹಳಿಯ ಮೇಲೆ ಬಿದ್ದಿತು. ಎದುರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಬರುತ್ತಿತ್ತು. ಬೆಂಗಳೂರಿಗೂ ಮುಂಬಯಿಗೂ ನಡುವೆ ನಮ್ಮನ್ನೆಲ್ಲ ಹೊತ್ತು ತಿರುಗುವ ಗಾಡಿ. ಪಾಯಿಂಟ್ಸ್‌ಮನ್ ಮಯೂರ್ ಶೆಳ್ಕೆ ಹಳಿಯ ಮೇಲೆ ಓಡಿಬಂದು, ಮಗುವನ್ನು ಎತ್ತಿ ಮೇಲಿಟ್ಟು, ತಾನೂ ಹತ್ತಿದ. ಗಾಡಿ ಹಾದುಹೋಯಿತು. ರೈಲ್ವೆ ಐವತ್ತು ಸಾವಿರ ರೂಪಾಯಿಯ ಬಹುಮಾನ ಕೊಟ್ಟಾಗ, ಅದರಲ್ಲಿ ಅರ್ಧವನ್ನು ಆ ಮಗುವಿಗೆ ಕೊಡುವುದಾಗಿ ಆತ ಹೇಳಿದ. ಸಿಸಿಟಿವಿಯ ಆ ತುಣುಕನ್ನು ನಾವೆಲ್ಲ ಕಣ್ಣೊದ್ದೆ ಮಾಡಿಕೊಂಡು ನೋಡಿದ್ದೇವೆ.

ಆ ತುಣುಕನ್ನು ನೆನೆದಾಗಲೆಲ್ಲ ನನಗೆ ಇನ್ನೊಂದು ಯೋಚನೆ ಬರುತ್ತದೆ. ಅವನು ಎರಡು ಸೆಕೆಂಡು ತಡವಾಗಿದ್ದರೆ, ಅಥವಾ ಭಯದಿಂದ ಒಂದು ಕ್ಷಣ ನಿಂತುಬಿಟ್ಟಿದ್ದರೆ? ಅದೇ ಕ್ಯಾಮೆರಾ, ಅದೇ ಮನುಷ್ಯ, ಅದೇ ಸಮವಸ್ತ್ರ. ಮಗು ಬಿದ್ದಾಗ ರೈಲ್ವೆ ನೌಕರ ನೋಡುತ್ತಾ ನಿಂತಿದ್ದ ಎಂಬ ಒಕ್ಕಣೆಯೊಂದಿಗೆ ಅದು ನನ್ನ ಕೈಗೆ ಬರುತ್ತಿತ್ತು. ನಾನು ಏನು ಬರೆಯುತ್ತಿದ್ದೆನೋ ನನಗೆ ಗೊತ್ತು. ಎರಡು ಸೆಕೆಂಡಿನ ಈಚೆ ದೇವರು, ಆಚೆ ಪಾಪಿ ಎಂದು ಒಬ್ಬ ಮನುಷ್ಯನನ್ನು ಅಳೆಯುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಅಂದು ದೂರವಾಣಿ ಮಾಡಿದ ಸೋದರಿ ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾಳೆ. ಚಂದಾಪುರದ ಆ ವ್ಯವಸ್ಥಾಪಕಿ ಆಡಿದ ಮಾತು ತಪ್ಪೆಂದೇ ನಾನು ಇಂದಿಗೂ ಹೇಳುತ್ತೇನೆ. ಆದರೆ ಆಕೆಗೆ ಕನ್ನಡ ಕಲಿಸುವ ಒಬ್ಬ ಮುದುಕಿ ಸಿಗಲೆಂದು ಹಾರೈಸಬೇಕಾದವನು ‘ತಕ್ಕ ಶಾಸ್ತಿ’ ಎಂದು ಬರೆದೆನಲ್ಲ, ಆ ಎರಡು ಶಬ್ದಗಳನ್ನು ಈ ವೇದಿಕೆಯಿಂದ ಹಿಂದಕ್ಕೆ ಪಡೆಯುತ್ತೇನೆ. ಚಪ್ಪಾಳೆ ಹಾಕಿದವರೂ ತಮ್ಮ ಚಪ್ಪಾಳೆಯನ್ನು ಹಿಂದಕ್ಕೆ ಪಡೆದರೆ ಸಂತೋಷ.